ಡಬರಿಯ ಮೇಲಿನ ಹೆಸರು

ಈಗ ಪಾತ್ರೆಯವನು ಆಟೋದಲ್ಲಿ ಬಂದು ಮೈಕಿನಲ್ಲಿ ಕೂಗುತ್ತಾನೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಮಲ್ಲಂದೂರಿನ ಹತ್ತಿರ ನಿಮ್ಮ ಅಜ್ಜ ಲೆಕ್ಕ ಬರೆಯುವ ರೈಟರ್ ಆಗಿದ್ದ ಎಸ್ಟೇಟಿಗೆ, ಬುಟ್ಟಿ ಹೊತ್ತು ನಡೆದೇ ಬರುತ್ತಿದ್ದ. ಹಳೆ ಸೀರೆ ಕೊಟ್ಟರೆ ಸ್ಟೀಲ್ ಪಾತ್ರೆ. ನೆರೆಮನೆಗೆ ಎರವಲು ಕೊಟ್ಟದ್ದು ಅದಲುಬದಲಾಗದಿರಲೆಂದು ಉಳಿಯಿಂದ ಚುಕ್ಕೆ ಕುಟ್ಟಿ ಹೆಸರನ್ನೂ ಹಾಕಿಕೊಡುತ್ತಿದ್ದ.

ನಮ್ಮ ಮನೆಯ ಪಾತ್ರೆಗಳ ಮೇಲೆಲ್ಲ ಗಂಡಸರ ಹೆಸರೇ. ತವರಿನಿಂದ ತಂದ ಎರಡು ಜರಿ ಸೀರೆ ಕೊಟ್ಟು ನಾನೊಂದು ಡಬರಿ ತೆಗೆದುಕೊಂಡೆ. ಅದರ ಮೇಲಾದರೂ ನನ್ನ ಹೆಸರಿರಲಿ ಎಂದು ಆಸೆ. ಹೇಳಲು ನಾಚಿಕೆ.

"ಯಾರ ಹೆಸ್ರು ಹಾಕ್ಲಮ್ಮಾ?"

"ಅದನ್ನೂ ಕೇಳ್ತಾರಾ ಮಾರಾಯ? ನನ್ನ ಮಗಂದು ಹಾಕು" ಎಂದರು ಜಗಲಿಯಲ್ಲಿ ಕೂತಿದ್ದ ಅತ್ತೆ.

"ಏನು ಅವ್ರ ಹೆಸ್ರು?"

ನಿಮ್ಮ ಅಜ್ಜನಿಗೆ ಅವರ ಅಜ್ಜನ ಹೆಸರನ್ನೇ ಇಟ್ಟಿದ್ದರು. ತಮ್ಮ ಮಾವನ ಹೆಸರನ್ನು ಅತ್ತೆ ಬಾಯಲ್ಲಿ ಹೇಳುವವರಲ್ಲ. ಮಗನನ್ನೂ 'ಅಪ್ಪಯ್ಯ' ಎಂದೇ ಕರೆಯುತ್ತಿದ್ದರು.

"ಅವಳನ್ನ ಕೇಳು" ಎಂದು ನನ್ನ ಕಡೆ ಕೈ ತೋರಿಸಿದರು.

ಗಂಡನ ಹೆಸರು ನಾನು ಹೇಗೆ ಹೇಳಲಿ? ತಲೆ ತಗ್ಗಿಸಿದೆ.

"ಒಳ್ಳೆ ಕಥೆ ಆಯ್ತಲ್ಲ! ನಿಮ್ಮನೆ ಯಜಮಾನ್ರಿಗೆ ಹೆಸ್ರೇ ಇಲ್ವಾ? ಚೀಟೀಲಾದ್ರೂ ಬರ್ದು ಕೊಡಿ ತಾಯಿ. ನಂಗೆ ಓದಕ್ಕೆ ಬರಲ್ಲ, ನೋಡ್ಕೊಂಡು ಹಂಗೇ ಕುಟ್ತೀನಿ."

ಅತ್ತೆಗೂ ಓದು ಬರದು. ಒಳಗೆ ಹೋಗಿ ಕ್ಯಾಲೆಂಡರ್ ಹಾಳೆಯ ಹಿಂದೆ ನನ್ನ ಹೆಸರನ್ನೇ ಬರೆದು ತಂದೆ. ಅವನು ಕುಟ್ಟಿ ಮುಗಿಸಿದ ಕೂಡಲೇ ಚೀಟಿಯನ್ನು ಒಲೆಗೆ ಹಾಕಿದೆ.

ಸಂಜೆ ನಿಮ್ಮ ಅಜ್ಜ ಬಂದ ಕೂಡಲೇ ಅತ್ತೆ ಡಬರಿ ಹಿಡಿದು ಹೋದರು. "ನೋಡು ಅಪ್ಪಯ್ಯ, ನಿನ್ನ ಹೆಸ್ರು ಸರಿ ಹಾಕಿದಾನಾ?"

ಅವರು ಓದಿದರು. ಒಲೆಯ ಹತ್ತಿರ ನಿಂತಿದ್ದ ನನ್ನ ಕಡೆ ನೋಡಿದರು.

"ಸರಿಯಾಗೇ ಇದೆ ಅಮ್ಮಾ" ಎಂದು ಕೈಕಾಲು ತೊಳೆಯಲು ಹೋದರು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಆಮೇಲೆ ಆ ಡಬರಿಯನ್ನು ಅತ್ತೆ ಬೇರೆಯವರ ಕೈಗೆ ತೊಳೆಯಲು ಕೊಡುತ್ತಿರಲಿಲ್ಲ. ಒರೆಸುವಾಗ ಆ ಚುಕ್ಕೆಗಳ ಮೇಲೆ ಬೆರಳಾಡಿಸುತ್ತಿದ್ದರು. ಮೊದಮೊದಲು ನನಗೆ ಒಳಗೊಳಗೇ ನಗು. ವರ್ಷ ಕಳೆದಂತೆ ನೋಡಲಾಗದೆ ಎದ್ದು ಹೋಗುತ್ತಿದ್ದೆ. ನಿಜ ಹೇಳಲೂ ಧೈರ್ಯವಿರಲಿಲ್ಲ.

ಅತ್ತೆಯ ಹೆಸರಿನದ್ದು ಅಂತ ಒಂದು ಲೋಟವೂ ಆ ಮನೆಯಲ್ಲಿರಲಿಲ್ಲ. ಪಾತ್ರೆಯವನು ಎಷ್ಟೋ ವರ್ಷ ಬರುತ್ತಲೇ ಇದ್ದ, ಒಂದಕ್ಕಾದರೂ ಹಾಕಿಸಬಹುದಿತ್ತು. ಅದು ನನಗೆ ಹೊಳೆದದ್ದು ಅವರು ತೀರಿಕೊಂಡ ಮೇಲೆ.