ಬಾಣಂತಿ ಕೋಣೆಯ ಕಿಟಕಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಸುಮ್ಮನೆ ಕೇಳಿಸಿಕೊಂಡು, ಮನಸ್ಸಿನಲ್ಲೇ ಅದಕ್ಕೊಂದು ಕಾರಣ ಹುಡುಕುತ್ತಿದ್ದೆ. ಸಿಗುತ್ತಲೂ ಇತ್ತು. ಮಗಳು ಹುಟ್ಟಿದ ವಾರ ನಡೆದದ್ದಕ್ಕೆ ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಮನೆಯವರನ್ನು ಬಿಟ್ಟು ಬೇರೆಯವರಿಗೆ ಇದನ್ನು ಹೇಳುತ್ತಿರುವುದು ಈಗಲೇ.

ಹೆರಿಗೆ ರೋಣದ ಒಂದು ದವಾಖಾನೆಯಲ್ಲಿ ಸರಾಗವಾಗಿ ಆಯಿತು. ಇನ್ನೂ ಸ್ವಲ್ಪ ಇದ್ದು ಹೋಗಿ ಎಂದು ನರ್ಸ್ ಹೇಳಿದರು. ನನಗೆ ಬೇಡವಾಗಿತ್ತು. ಅಷ್ಟು ಜನರ ನಡುವೆ ಮಗುವಿಗೆ ಹಾಲು ಕುಡಿಸುವುದು ನನ್ನಿಂದ ಆಗುತ್ತಿರಲಿಲ್ಲ. ಅವ್ವನಿಗಂತೂ ಬಿಸಿನೀರು ಎರೆದು, ಕೆಂಡಕ್ಕೆ ಮೈ ಕಾಸುವ ಆತುರ.

"ಇಲ್ಲೇನ್ ಎರೀತಾರೋ, ಕಾಸ್ತಾರೋ? ಫ್ಯಾನಿನ ಗಾಳಿಗೆ ನಡಾ ಹಿಡಿತೈತಿ. ಕಳಸ್ರಿ ನಮ್ಮನ್ನ," ಎಂದಳು.

ಪಕ್ಕದ ಮಂಚದಲ್ಲಿದ್ದ ಲಕ್ಕಲಕಟ್ಟಿಯ ಬಾಣಂತಿ ನಕ್ಕಳು. "ನಾ ಅಂತೂ ಹೋಗಾಂಗಿಲ್ರಿ. ಮನಿಗೆ ಹ್ವಾದ್ರ ದೊಡ್ಡ ಹುಡುಗ್ರು ಮೈಮ್ಯಾಲ ಬೀಳ್ತಾವು. ಇಲ್ಲಿ ಕುಂತಲ್ಲೇ ಚಾ ಬರ್ತೈತಿ."

ನಾವು ಮರುದಿನವೇ ಯಾವಗಲ್ ಊರಿನ ತವರುಮನೆಗೆ ಬಂದೆವು.

ಅವ್ವ ಕೋಣೆಯ ಕಿಟಕಿ ಮುಚ್ಚಿ, ಚಿಲಕ ಹಾಕಿ, ಮೇಲೊಂದು ಕೌದಿ ಇಳಿಬಿಟ್ಟಿದ್ದಳು. ಲೋಬಾನದ ಹೊಗೆಯ ಮಬ್ಬಿನಲ್ಲಿ ನನ್ನ ಕೈಯೇ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಮಗು ಅಳದೆ ಮಲಗಿತ್ತು. ಹಾಲಿಗೂ ಏಳುತ್ತಿರಲಿಲ್ಲ.

"ಭಾಳ ಶಾಣ್ಯಾ ಕೂಸು. ನಿನ್ನಂಗಲ್ಲ," ಎಂದು ಅವ್ವ ಹೆಮ್ಮೆಪಟ್ಟಳು. ನನಗೂ ನಿಶ್ಚಿಂತೆಯೇ ಆಗಿತ್ತು.

ಬೆಳಿಗ್ಗೆ ಕಣ್ಣು ಬಿಟ್ಟಾಗ ಕೌದಿ ಪಕ್ಕಕ್ಕೆ ಸರಿದಿತ್ತು, ಕಿಟಕಿ ತೆರೆದಿತ್ತು. "ಓದಿದಾಕಿ, ಗಾಳಿ ಬೇಕಾಗಿರಬೇಕು," ಎಂದು ಅವ್ವ ಚುಚ್ಚಿ ಮತ್ತೆ ಮುಚ್ಚಿದಳು. ಹೊಲಿಗೆ ಬಿದ್ದಿದ್ದ ನಾನು ಒಬ್ಬಳೇ ಮಂಚ ಇಳಿಯುವ ಸ್ಥಿತಿಯಲ್ಲಿರಲಿಲ್ಲ. ಊಟದ ಹೊತ್ತಿಗೆ ಅದು ಮತ್ತೆ ತೆರೆದಿತ್ತು. ಈ ಸಲ ಅವ್ವ ಕಿಟಕಿ ಮುಚ್ಚಿ ಹಗ್ಗ ತಂದಳು. ಎರಡೂ ಕದಗಳ ಕಬ್ಬಿಣದ ಬಳೆಗಳನ್ನು ಅದರಿಂದ ಬಿಗಿದು ಗಂಟು ಹಾಕಿದಳು. ಬಾಗಿಲಲ್ಲೇ ಕುಳಿತು ಬೆಳ್ಳುಳ್ಳಿ ಸುಲಿಯತೊಡಗಿದಳು.

ಯಾರೂ ಒಳಗೆ ಬರಲಿಲ್ಲ. ನನಗೆ ನಿದ್ದೆಯೂ ಹತ್ತಿರಲಿಲ್ಲ. ಮಗುವಿನ ಕಡೆ ಹೊರಳಿದೆ, ಅಷ್ಟರಲ್ಲಿ ಬೆನ್ನ ಮೇಲೆ ಬಿಸಿಲು ಬಿತ್ತು. ಕದಗಳು ಪೂರ್ತಿ ತೆರೆದಿದ್ದವು. ಹಗ್ಗ ನೆಲದ ಮೇಲಿತ್ತು. ಗಂಟು ಬಿಚ್ಚಿರಲಿಲ್ಲ.

ಹಗ್ಗ ಎತ್ತಿಕೊಳ್ಳಲು ಬಂದ ಅವ್ವ ಮಗುವನ್ನು ನೋಡಿ ನಿಂತುಬಿಟ್ಟಳು. ಆ ಬಿಸಿಲಲ್ಲಿ ಮುಖ, ಎದೆ, ಪಾದ, ಎಲ್ಲವೂ ಹಳದಿ.

"ನಾ ಇನ್ನೂ ಅರಿಷಿಣ ಹಚ್ಚೇ ಇಲ್ಲಲ್ಲ," ಎಂದಳು ಮೆಲ್ಲಗೆ.

ಅಣ್ಣ ಕೂಡಲೇ ಗಾಡಿ ತಂದ. ರೋಣದ ಡಾಕ್ಟರು ಪರೀಕ್ಷಿಸಿ, ಕಾಮಾಲೆ ಬೇಗ ಏರುತ್ತಿದೆ, ಇನ್ನೂ ತಡವಾಗಿದ್ದರೆ ಮಿದುಳಿಗೆ ತೊಂದರೆಯಾಗುತ್ತಿತ್ತು ಎಂದರು. ಮಗುವನ್ನು ನೀಲಿ ದೀಪದ ಕೆಳಗೆ ಮಲಗಿಸಿದರು. ಕೆಲವು ದಿನಗಳ ನಂತರ ಒಂದು ಸಂಜೆ ಅದು ವಾರ್ಡೇ ತಿರುಗಿ ನೋಡುವಂತೆ ಹಾಲಿಗಾಗಿ ಅತ್ತಿತು. ನಾನು ಯಾರಿದ್ದಾರೆಂದು ನೋಡದೆ ಎದೆಗೆ ಹಾಕಿಕೊಂಡೆ. ಮನಸ್ಸು ಮತ್ತೆಂದೂ ಅಷ್ಟು ಹಗುರಾದ ನೆನಪಿಲ್ಲ.

ಇನ್ನು ಹೋಗಬಹುದು ಎಂದು ಡಾಕ್ಟರು ಹೇಳಿದಾಗ ಅವ್ವ ಕದಲಲಿಲ್ಲ. "ಎರಡ್ ದಿನಾ ಇರ್ತೀವ್ರಿ ಸಾಹೇಬ್ರ. ಅಷ್ಟ್ ಲಗೂ ಹೋಗಿ ಮನ್ಯಾಗ ಏನ್ ಮಾಡೂದೈತಿ?"

ಕಿಟಕಿಯನ್ನು ಗಾಳಿ ತೆರೆದಿರಬೇಕು ಎಂದು ಅಣ್ಣ ಹೇಳುತ್ತಾನೆ. ಗಂಟಿನ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಾನೆ. ಆಮೇಲೆ ಬಡಿಗರನ್ನು ಕರೆಸಿ ತೋರಿಸಿದೆವು. ಕದ, ಚಿಲಕ, ಬಳೆ ಎಲ್ಲವೂ ಗಟ್ಟಿಯಾಗಿವೆ ಎಂದರು. ಅದು ಮತ್ತೆ ತಾನಾಗಿ ತೆರೆದಿಲ್ಲ. ಯಾರು ತೆರೆದರು ಎಂಬುದು ನನಗೆ ಈಗಲೂ ಗೊತ್ತಿಲ್ಲ. ಯಾಕೆ ತೆರೆದರು ಎಂದು ಮಾತ್ರ ನಾನಾಗಲಿ ಅವ್ವನಾಗಲಿ ಎಂದೂ ಕೇಳಿಲ್ಲ.