ಅಮ್ಮನ ಮೊದಲ ಲೋಟ

ಅಮ್ಮನಿಗೆ ಡಯಾಲಿಸಿಸ್ ಶುರುವಾದ ಮೇಲೆ ದಿನಕ್ಕೆ ಐದೇ ಲೋಟ ನೀರು. ಚಹಾ, ಗಂಜಿತಿಳಿ ಎಲ್ಲ ಅದರಲ್ಲೇ. ಲೆಕ್ಕ ತಪ್ಪದಿರಲೆಂದು ಅವಳ ಮೊಬೈಲಿಗೆ ನಾನೇ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟೆ. ಮಣಿಪಾಲದಲ್ಲಿ ಮಕ್ಕಳಿಗೆ ಅದನ್ನೇ ಕಲಿಸುವವಳಲ್ಲವೇ, ಜಂಬ ಬೇರೆ. ಕುಡಿದಾಗೆಲ್ಲ 1 ಎಂದು ಬರೆದರೆ ಐದರಿಂದ ಕಳೆಯುತ್ತ ಹೋಗಿ, ಸೊನ್ನೆಯಾದಾಗ ಗಂಟೆ ಹೊಡೆಯಬೇಕು.

ನಾವು ಬರೆದ 1 ಕಂಪ್ಯೂಟರಿಗೆ ಮೊದಲು ಬರೀ ಅಕ್ಷರ. ಐದರಿಂದ ಕಳೆ ಎಂದರೆ ನಮ್ಮನ್ನು ಕೇಳದೆ ಅದನ್ನು ಸಂಖ್ಯೆ ಮಾಡಿಕೊಳ್ಳುತ್ತದೆ. ಕೂಡು ಎಂದರೆ ಮಾತ್ರ ಐದರ ಪಕ್ಕದಲ್ಲಿ ಒಂದನ್ನು ಅಂಟಿಸಿ ಐವತ್ತೊಂದು ಮಾಡಿ ಕೊಡುತ್ತದೆ. ನನ್ನದು ಕಳೆಯುವ ಲೆಕ್ಕವಾದ್ದರಿಂದ ನಿಶ್ಚಿಂತೆಯಿಂದಿದ್ದೆ. ಒಂದು ವಾರ ನಾನೇ ಬರೆದು ನೋಡಿದೆ, ಗಂಟೆ ಸರಿಯಾಗಿ ಹೊಡೆಯಿತು. ಆಮೇಲೆ ಮೊಬೈಲನ್ನು ಅವಳ ಕೈಗೆ ಕೊಟ್ಟೆ.

ನಾಲ್ಕನೆಯ ದಿನ ಆಸ್ಪತ್ರೆಗೆ ಹೊರಟಾಗ ಅಮ್ಮನ ಬಾತ ಕಾಲು ಚಪ್ಪಲಿಯೊಳಗೆ ಹೋಗಲಿಲ್ಲ. ಅಲೆವೂರಿನ ಮನೆಯಿಂದ ಮಣಿಪಾಲದವರೆಗೂ ಆಟೋದಲ್ಲಿ ಏದುಸಿರು ಬಿಡುತ್ತಿದ್ದಳು. ತೂಕ ನೋಡಿದ ನರ್ಸ್, "ಎಂತ ಅಮ್ಮ, ಇಷ್ಟು ನೀರು ಕುಡಿಯುವುದಾ?" ಎಂದು ಗದರಿದರು.

ಅವಳನ್ನು ಒಳಗೆ ಮಲಗಿಸಿದ ಮೇಲೆ ಮೊಬೈಲ್ ತೆರೆದು ನೋಡಿದೆ. ಪ್ರತಿದಿನದ ಮೊದಲ ಲೋಟದ ಜಾಗದಲ್ಲಿ 'ಲಾಭ' ಎಂದಿತ್ತು, ಉಳಿದ ಲೋಟಗಳಿಗೆಲ್ಲ ನಾನು ಹೇಳಿಕೊಟ್ಟಂತೆ 1! ನಮ್ಮ ಕಡೆ ಅಕ್ಕಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಎರಡರಿಂದ ಮುಂದೆ ಲೆಕ್ಕ. ಜೀವಮಾನವಿಡೀ ಅಳೆದ ಕೈ ನೀರಿಗೂ ಹಾಗೆಯೇ ಬರೆದಿತ್ತು. ಐದರಿಂದ 'ಲಾಭ'ವನ್ನು ಕಳೆಯಲು ಹೋದ ಯಂತ್ರಕ್ಕೆ ಅದರಿಂದ ಸಂಖ್ಯೆ ಹುಟ್ಟಿಸಲಾಗಲಿಲ್ಲ. ತಪ್ಪಾಯಿತೆಂದು ಹೇಳುವ ಬದಲು, ಉಳಿದದ್ದು 'ಸಂಖ್ಯೆಯಲ್ಲ' ಎಂದು ಒಳಗೇ ಬರೆದಿಟ್ಟುಕೊಂಡು ಸುಮ್ಮನಾಯಿತು. ಆಮೇಲೆ ಎಷ್ಟು ಕಳೆದರೂ ಅದು ಸಂಖ್ಯೆಯಾಗುವುದಿಲ್ಲ, ಸೊನ್ನೆಗೂ ಇಳಿಯುವುದಿಲ್ಲ. ಗಂಟೆ ಹೊಡೆಯುವುದಾದರೂ ಹೇಗೆ? ಏನು ಬರೆದರೂ ಒಳಗೆ ಬಿಡುವಂತೆ ಮಾಡಿದ್ದವಳು ನಾನೇ. ನನ್ನ ಮೇಲೆಯೇ ಕೆಂಡದಂಥ ಕೋಪ ಬಂತು.

ಸಂಜೆ ಅವಳ ಪಕ್ಕದಲ್ಲಿ ಕೂತು, "ತಪ್ಪು ನನ್ನದು ಅಮ್ಮ, ಗಂಟೆ ಕೆಟ್ಟಿತ್ತು" ಎಂದೆ.

ಅಮ್ಮ ಮೆಲ್ಲಗೆ, "ನನಗೆ ಮೊದಲ ದಿನವೇ ಸಂಶಯ ಬಂದಿತ್ತು ಮಗಾ. ಹೇಳಲಿಲ್ಲ. ಎಷ್ಟು ಸಮಯ ಆಯ್ತು ಹೊಟ್ಟೆ ತುಂಬಾ ನೀರು ಕುಡಿಯದೆ! ಬೈಬೇಡ ಆಯ್ತಾ" ಎಂದಳು.

ಮನೆಗೆ ಬಂದವಳೇ, 'ಲಾಭ' ಎಂದರೆ ಒಂದು ಎಂದು ಬಿಡಿಸಿ ಬರೆದು ಪ್ರೋಗ್ರಾಂ ಸರಿಮಾಡಿದೆ.

ಮರುದಿನ ಐದನೆಯ ಲೋಟಕ್ಕೆ ಗಂಟೆ ಹೊಡೆಯಿತು. ಅಮ್ಮ ಲೋಟ ತೊಳೆದು ಕವುಚಿಟ್ಟಳು. ಆಗಿನ್ನೂ ಮಧ್ಯಾಹ್ನ ಮೂರು ಗಂಟೆ.