ಕರುಳಿಗೆ ಕಟ್ಟಿದ ಹಳದಿ ಟ್ಯಾಗು

ನಿನ್ನೆ ಗ್ಯಾಸ್ ಬುಕ್ಕು ಹುಡುಕಲೆಂದು ಬೀರು ತೆರೆದರೆ, ಆಸ್ಪತ್ರೆ ಫೈಲಿನಿಂದ ನೇತಾಡುತ್ತಿದ್ದ ಹಳದಿ ರಟ್ಟಿನ ಟ್ಯಾಗೊಂದು ಮೂಗಿಗೆ ತಗುಲಿತು. ನೀವು ಕಾರ್ಖಾನೆಯಲ್ಲಿ ದುಡಿದವರಲ್ಲದಿದ್ದರೆ ಅದರ ಮಹಿಮೆ ಹೇಳಬೇಕು. ಹೊಸೂರಿನ ಕಾರ್ಖಾನೆಯೊಂದರಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವನು. ಬಂದ ಮಾಲನ್ನು ಅಳೆದು, ಸರಿಯಿದ್ದರೆ ಹಸಿರು ಟ್ಯಾಗು, ಕೆಟ್ಟಿದ್ದರೆ ಕೆಂಪು. ಎರಡೂ ಹೇಳಲಾಗದಿದ್ದರೆ ಹಳದಿ ಕಟ್ಟಿ ಮೂಲೆಯ ತಂತಿ ಬೇಲಿಯೊಳಗೆ ಕೂರಿಸುವುದು. ಹಳದಿಯ ಮೇಲೆ ಮತ್ತೆ ಪರೀಕ್ಷಿಸುವ ತಾರೀಖು ಇರಲೇಬೇಕು. ಇಲ್ಲದಿದ್ದರೆ ಕೈಕೆಳಗಿನವರ ಜನ್ಮ ಜಾಲಾಡುತ್ತಿದ್ದೆ. ಸಾಲದ್ದಕ್ಕೆ ಆ ಪೌರುಷವನ್ನೆಲ್ಲ ಊಟಕ್ಕೆ ಕೂತಾಗ ಹೆಂಡತಿ ರತ್ನಳ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ.

ಇಂಥ ಶೂರನಿಗೆ ದೊಡ್ಡ ಕರುಳಿನ ಹುಣ್ಣು. ಅಲ್ಸರೇಟಿವ್ ಕೊಲೈಟಿಸ್ ಎಂದು ಪೂರ್ತಿ ಹೆಸರು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಒಮ್ಮೆ ಎದ್ದು ಹೋಗಿಬರಬೇಕು. ಮತ್ತಿಗಿರಿಯ ನಮ್ಮ ಮನೆಯಿಂದ ಕಾರ್ಖಾನೆ ಗೇಟಿನವರೆಗೆ ಎಲ್ಲೆಲ್ಲಿ ಕಕ್ಕಸಿದೆ, ಯಾವುದಕ್ಕೆ ಚಿಲಕವಿಲ್ಲ, ಯಾವ ಹೋಟೆಲಿನವನು ಕಾಫಿ ಕುಡಿಯದಿದ್ದರೆ ಒಳಗೆ ಬಿಡುವುದಿಲ್ಲ, ಎಲ್ಲ ನನಗೆ ಬಾಯಿಪಾಠ. ಕಂಪನಿ ಬಸ್ಸಿನಲ್ಲಿ ಪಕ್ಕ ಕೂರುತ್ತಿದ್ದ ರಾಯಕೋಟೆಯ ಮುನಿರಾಜುವಿಗೂ ಈ ಸಂಗತಿ ಗೊತ್ತಿತ್ತು. “ನಿನ್ ಹೊಟ್ಟೆಗೂ ಶಿಫ್ಟ್ ಹಾಕವ್ರೇನ್ಲಾ? ಸರಿಯಾಗಿ ಸೈರನ್ ಹೊತ್ಗೇ ಕೂಗ್ತದಲ್ಲ!” ಅನ್ನುತ್ತಿದ್ದ, ಪಾಪಿ.

ಎರಡು ಸಾವಿರದ ಆರನೇ ಇಸವಿ ಇರಬೇಕು. ಈ ಕಾಯಿಲೆ ಹಳತಾದರೆ ಕ್ಯಾನ್ಸರಿಗೆ ತಿರುಗುವ ಭಯವಿರುತ್ತದೆ, ಕೊಲೊನೋಸ್ಕೋಪಿ ಮಾಡೋಣ ಎಂದರು ಬೆಂಗಳೂರಿನ ಡಾಕ್ಟರು. ಹಿಂದಿನ ದಿನ ಅವರು ಕುಡಿಸುವ ಭೇದಿ ನೀರಿನ ಬಗ್ಗೆ ನಾನೇನೂ ಹೇಳುವುದಿಲ್ಲ, ನೀವು ಊಟ ಮಾಡಿ ಕೂತಿರಬಹುದು. ಕ್ಯಾಮರಾ ಬಿಟ್ಟು ನೋಡಿ, ಕರುಳಿನಿಂದ ಚೂರುಗಳನ್ನು ಚಿವುಟಿ ಲ್ಯಾಬಿಗೆ ಕಳಿಸಿದರು. ವಾರದ ಮೇಲೆ ರಿಪೋರ್ಟು ಬಂತು: ‘ಇಂಡೆಫಿನಿಟ್’. ಕ್ಯಾನ್ಸರಿನ ಕಡೆಗೆ ಹೊರಳಿದ ಕಣಗಳೋ, ಬರೀ ಉರಿಯೂತಕ್ಕೆ ಕೆರಳಿದ ಕಣಗಳೋ ಹೇಳಲಾಗದು; ರೋಗಿಯ ಸ್ಥಿತಿಗೆ ಹೊಂದಿಸಿ ನೋಡಿ ಡಾಕ್ಟರೇ ತೀರ್ಮಾನಿಸುವುದು. ಡಾಕ್ಟರನ್ನು ಕೇಳಿದರೆ, “ಚೂರು ನೋಡಿದೋರೇ ಹೇಳ್ತಿಲ್ವಲ್ಲ ಸ್ವಾಮಿ” ಅಂದರು. ನನ್ನ ಕರುಳು ಸರ್ಕಾರಿ ಕಚೇರಿಯ ಅರ್ಜಿಯ ಹಾಗೆ ಇಬ್ಬರ ಮೇಜಿನ ನಡುವೆ ಓಡಾಡಿತು. ಕೊನೆಗೆ, “ಉರಿ ಇಳಿಯೋಕೆ ಮಾತ್ರೆ ಕೊಡ್ತೀನಿ. ಮೂರು ತಿಂಗಳಿಗೆ ಮತ್ತೆ ನೋಡೋಣ. ಕೆಟ್ಟದ್ದೇ ಆಗಿದ್ರೆ ದೊಡ್ಡ ಕರುಳು ತೆಗೀಬೇಕಾಗ್ಬಹುದು” ಎಂದರು.

ನೋಡೋಣವಂತೆ! ಮಾಲು ತಂದು ಕೈಕಟ್ಟಿ ನಿಂತ ಎಷ್ಟು ಜನಕ್ಕೆ ನಾನೇ ಆ ಮಾತು ಹೇಳಿ ಟೀ ಕುಡಿಯಲು ಹೋಗಿದ್ದೆನೋ.

ಮನೆಗೆ ಬಂದವನು ರತ್ನಳಿಗೆ “ಎಲ್ಲಾ ಸರಿಯಿದೆಯಂತೆ ಕಣೇ” ಎಂದೆ. ರಿಪೋರ್ಟು ಇಂಗ್ಲಿಷಿನಲ್ಲಿದೆ, ಅವಳಿಗೆ ಇಂಗ್ಲಿಷ್ ಬಾರದು ಎಂಬ ಧೈರ್ಯ. ಮರುದಿನ ಕಾರ್ಖಾನೆಯಿಂದ ಒಂದು ಹಳದಿ ಟ್ಯಾಗು ತಂದು, ನನ್ನ ಮೇಲೆ ನಾನೇ ನಗಲೆಂದು ಫೈಲಿಗೆ ಕಟ್ಟಿ ಬೀರುವಿನಲ್ಲಿಟ್ಟೆ. ತಾರೀಖಿನ ಜಾಗ ಖಾಲಿ ಬಿಟ್ಟೆ. ನಿಜ ಹೇಳುತ್ತೇನೆ, ಮತ್ತೆ ಆ ಆಸ್ಪತ್ರೆಯ ಮೆಟ್ಟಿಲು ಹತ್ತುವ ಮನಸ್ಸೇ ಇರಲಿಲ್ಲ. ಅಳೆಯದಿದ್ದರೆ ತಪ್ಪೂ ಇಲ್ಲ ಎಂದು ನಂಬಿಕೊಂಡಿದ್ದೆ, ಇನ್‌ಸ್ಪೆಕ್ಟರ್ ಸಾಹೇಬ! ಮಾತ್ರೆ ನುಂಗುತ್ತಾ ಮೂರು ತಿಂಗಳು ಕಳೆದೆ, ನಾಲ್ಕನೆಯದೂ ಕಳೆಯಿತು.

ಒಂದು ಭಾನುವಾರ ಮಜ್ಜಿಗೆ ಅನ್ನದ ತಟ್ಟೆಯ ಪಕ್ಕ ರತ್ನ ಆ ಫೈಲನ್ನು ತಂದಿಟ್ಟಳು.

“ಇದು ಹಳದಿ ಅಲ್ವೇನ್ರೀ?”

“ಅದಾ... ಏನೋ ತಮಾಷೆಗೆ ಕಟ್ಟಿದ್ದು.”

“ಹದಿನೈದು ವರ್ಷದಿಂದ ನಿಮ್ ಹಳದಿ ಪುರಾಣ ಕೇಳಿ ಕೇಳಿ ನನ್ ಕಿವಿ ತೂತು ಬಿದ್ದದೆ. ಹಳದಿ ಅಂದ್ರೆ ಇನ್ನೂ ಗೊತ್ತಾಗಿಲ್ಲ ಅಂತ. ನನ್ ಹತ್ರ ಎಲ್ಲಾ ಸರಿಯಿದೆ ಅಂದ್ರಲ್ಲ?”

ನಾನು ಅನ್ನ ಕಲಸಿದೆ. ಕಲಸಿದ್ದನ್ನೇ ಮತ್ತೆ ಕಲಸಿದೆ.

“ತಾರೀಖೆಲ್ಲಿ? ತಾರೀಖಿಲ್ದೆ ಕಟ್ಟಿದೋರ್ನ ಏನಂತ ಬೈತಿದ್ರಿ? ಅದನ್ನೇ ಈಗ ನಾನು ಬೈಲಾ?” ಎಂದಳು. ಬೈಯಲಿಲ್ಲ. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಪೆನ್ನು ತಂದು, ಮುಂದಿನ ಸೋಮವಾರದ ತಾರೀಖನ್ನು ದಪ್ಪಗೆ ಬರೆದಳು.

ಆ ಸೋಮವಾರ ಅವಳೇ ಜೊತೆಗೆ ಬಂದಳು. ಮತ್ತೆ ಭೇದಿ ನೀರು, ಮತ್ತೆ ಕ್ಯಾಮರಾ, ಮತ್ತೆ ಚೂರು. ವಾರದ ಮೇಲೆ ಬಂದ ರಿಪೋರ್ಟು ಈ ಸಲ ಕೆಟ್ಟ ಕಣಗಳು ಕಾಣುತ್ತಿಲ್ಲ ಎಂದಿತು. ನಾನು ಕುಣಿಯಲು ಕಾಲೆತ್ತುವಷ್ಟರಲ್ಲಿ ಡಾಕ್ಟರು, “ಒಂದು ವರ್ಷಕ್ಕೆ ಮತ್ತೆ ನೋಡೋಣ” ಎಂದರು. ರತ್ನ ಆಗಲೇ ಚೀಲದಿಂದ ಟ್ಯಾಗು ತೆಗೆದಿದ್ದಳು.

ಈಗ ಆ ಟ್ಯಾಗಿನ ಎರಡೂ ಬದಿ ಅವಳ ಅಕ್ಷರದ ತಾರೀಖುಗಳು, ಒಂದರ ಕೆಳಗೊಂದು. ಬರೆಯಲು ಜಾಗವಿಲ್ಲ. ನನಗೋ ರಿಟೈರಾಗಿದೆ, ಇನ್ನೊಂದು ತರೋಣವೆಂದರೆ ಗೇಟಿನವನು ಒಳಗೆ ಬಿಡುವುದಿಲ್ಲ.

“ಇಷ್ಟು ಸಲ ಪಾಸಾಗಿದ್ದೀನಿ. ಇನ್ನಾದ್ರೂ ಹಸಿರು ಕಟ್ಟೇ” ಎಂದೆ ನಿನ್ನೆ, ಟ್ಯಾಗನ್ನು ಹಿಡಿದು.

ಗ್ಯಾಸ್ ಬುಕ್ಕು ಸಿಕ್ಕ ಖುಷಿಯಲ್ಲಿದ್ದ ರತ್ನ ತಿರುಗಿ ಕೂಡ ನೋಡಲಿಲ್ಲ. “ಕೆಂಪು ಕಟ್ಟಿದ್ದು ಗುಜರಿಗೆ ಹೋಗ್ತದೆ. ಹಸಿರು ಕಟ್ಟಿದ್ದು ಲಾರಿ ಹತ್ತಿ ಗೇಟ್ ದಾಟ್ತದೆ. ಒಳಗೆ ಉಳಿಯೋದು ಹಳದಿ ಒಂದೇ ತಾನೆ? ಸುಮ್ನೆ ಹಳದಿಯಾಗೇ ಬಿದ್ದಿರಿ.”

ಆಮೇಲೆ ಯಾರದೋ ಮದುವೆಯ ಹಳದಿ ಕರೆಯೋಲೆಯನ್ನು ಕತ್ತರಿಸಿ, ಸೂಜಿಯಲ್ಲಿ ತೂತು ಮಾಡಿ, ಮುಂದಿನ ತಿಂಗಳ ತಾರೀಖು ಬರೆದು ನನ್ನ ಕೈಗಿಟ್ಟಳು. ದಾರ ನಾನೇ ಕಟ್ಟಿದೆ.